ಮಳೆಗಾಲದಲ್ಲಿ ಗೋಬರ್ ಗ್ಯಾಸ್ ಕೈಕೊಟ್ಟರೆ

ಪ್ರಶ್ನೆ: ನಮ್ಮದು ಯಲ್ಲಾಪುರದ ಹತ್ತಿರದ ಹಳ್ಳಿ. ಎರಡು ಮಲೆನಾಡು ಗಿಡ್ಡ, ಒಂದು ಜರ್ಸಿ ಆಕಳು ಇವೆ. ಮಾವನವರು ಕಟ್ಟಿಸಿದ ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಇದೆ. ಬೇಸಿಗೆಯಲ್ಲಿ ಅನ್ನ, ಸಾರು ಆಗುತ್ತದೆ. ಮಳೆ ಹಿಡಿದರೆ ಚಹಾ ಕುದಿಯುವಷ್ಟರಲ್ಲಿ ಉರಿ ಆರಿಹೋಗುತ್ತದೆ. ಕೊಟ್ಟಿಗೆ ತೊಳೆದ ನೀರೂ ಅದೇ ಗುಂಡಿಗೆ ಹೋಗುತ್ತದೆ. ಇದನ್ನು ಮುಚ್ಚಿ ಸಿಲಿಂಡರ್ ಒಂದನ್ನೇ ನಂಬಬಹುದೇ?

ಉತ್ತರ: ದಯವಿಟ್ಟು ಮುಚ್ಚಬೇಡಿ. ನೀವು ಕೊನೆಯಲ್ಲಿ ಹೇಳಿದ ಆ ಕೊಟ್ಟಿಗೆ ನೀರಿನಲ್ಲೇ ಅರ್ಧ ಉತ್ತರ ಇದೆ.

ಗುಂಡಿಯೊಳಗಿನ ಸೂಕ್ಷ್ಮಜೀವಿಗಳು ಸಗಣಿಯನ್ನು ಅರಗಿಸಿ ಮೀಥೇನ್ ಎಂಬ ಉರಿಯುವ ಅನಿಲ ಬಿಡುತ್ತವೆ. ಅದಕ್ಕೆ ಸಗಣಿ ಒಳಗೆ ಸುಮಾರು 40 ದಿನ ಇರಬೇಕು. ನೀರು ಜಾಸ್ತಿಯಾದರೆ ಅರಗುವ ಮೊದಲೇ ಅದು ಹೊರಗೆ ಹೋಗುತ್ತದೆ. ತೊಳೆಯುವಾಗ ಫಿನಾಯಿಲ್ ಹಾಕಿದ್ದರಂತೂ ಆ ಜೀವಿಗಳೇ ಸಾಯುತ್ತವೆ. ಹಾಗಾಗಿ ಕೊಟ್ಟಿಗೆ ನೀರನ್ನು ಬೇರೆ ಕಡೆ ತಿರುಗಿಸಿ. ಸಗಣಿ ಕದಡುವ ತೊಟ್ಟಿಗೆ ಒಂದು ತಗಡು ಮುಚ್ಚಿ, ಮಳೆ ನೀರು ಬೀಳಬಾರದು. ಒಂದು ಬುಟ್ಟಿ ಹಸಿ ಸಗಣಿಗೆ ಅಷ್ಟೇ ನೀರು ಸಾಕು. ಕದಡಿದ್ದು ದೋಸೆ ಹಿಟ್ಟಿನ ಹದಕ್ಕೆ ಬರಬೇಕು. ಕೈ ಅದ್ದಿ ಎತ್ತಿದರೆ ಬೆರಳಿಗೆ ಅಂಟಿ ನಿಧಾನಕ್ಕೆ ಜಾರಬೇಕು. ಸೊಪ್ಪು, ಕರಡದ ಚೂರು ಸಿಕ್ಕರೆ ಅಲ್ಲೇ ತೆಗೆದುಬಿಡಿ. ಇಲ್ಲವಾದರೆ ಅವು ಮೇಲೆ ತೇಲಿ ಗಟ್ಟಿ ಪದರ ಕಟ್ಟುತ್ತವೆ.

ಚಳಿಯೂ ಒಂದು ಕಾರಣ. ಈ ಜೀವಿಗಳಿಗೆ 30ರಿಂದ 35 ಡಿಗ್ರಿ ಶಾಖ ಹಿತ. 20ಕ್ಕಿಂತ ಕೆಳಗಿಳಿದರೆ ತೀರಾ ನಿಧಾನವಾಗುತ್ತವೆ. ಮಳೆಗಾಲದಲ್ಲಿ ತಣ್ಣೀರಿನ ಬದಲು ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ. ಬಚ್ಚಲೊಲೆಯ ಹಂಡೆಯಲ್ಲಿ ಉಳಿದದ್ದೇ ಆಗುತ್ತದೆ.

ಇನ್ನೊಂದು ಮಾತು. ನಿಮ್ಮ ಗುಂಡಿಗೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ ಬೇಕು. ಗಿಡ್ಡ ತಳಿಯವು ತಲಾ ಐದು ಕೆ.ಜಿ., ಜರ್ಸಿ ಹನ್ನೆರಡು ಎಂದು ಹಿಡಿದರೂ 22 ಕೆ.ಜಿ. ಆಯಿತು. ಗುಂಡಿಗೆ ಅರೆಹೊಟ್ಟೆ ಊಟ, ಅಲ್ವಾ? ಪಕ್ಕದ ಮನೆಯಲ್ಲಿ ಸಗಣಿ ಮಿಕ್ಕುತ್ತಿದ್ದರೆ ಕೇಳಿ ತನ್ನಿ. ತರಕಾರಿ ಸಿಪ್ಪೆ, ಮಿಕ್ಕ ಅನ್ನವನ್ನು ಸ್ವಲ್ಪ ಸ್ವಲ್ಪವೇ ಸೇರಿಸಬಹುದು. ಒಮ್ಮೆಲೇ ಸುರಿದರೆ ಗುಂಡಿ ಹುಳಿಯಾಗುತ್ತದೆ.

ಒಂದು ಕೆ.ಜಿ. ಸಗಣಿಯಿಂದ ಸುಮಾರು 40 ಲೀಟರ್ ಗ್ಯಾಸ್ ಬರುತ್ತದೆ. ಈಗಿನ 22 ಕೆ.ಜಿ. ಚೆನ್ನಾಗಿ ಅರಗಿದರೂ ತಿಂಗಳಿಗೆ ಸುಮಾರು ಮುಕ್ಕಾಲು ಸಿಲಿಂಡರಿನಷ್ಟು ಉರಿ ಸಿಗುತ್ತದೆ. ನಮ್ಮ ದೇಶದ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಜಾಸ್ತಿ ಹಡಗಿನಲ್ಲಿ ಹೊರಗಿನಿಂದ ಬರುತ್ತದೆ. ನಿಮ್ಮದು ಕೊಟ್ಟಿಗೆಯಿಂದ ಬರುತ್ತಿದೆ, ಗುಂಡಿಯಿಂದ ಹೊರಬರುವ ಬಗ್ಗಡ ಅಡಿಕೆ ತೋಟಕ್ಕೂ ಆಗುತ್ತದೆ. ಇಂಥದ್ದನ್ನು ಸುಮ್ನೆ ಬಿಟ್ಟುಕೊಡಬೇಡಿ.

ಉರಿ ಕುಣಿಯುತ್ತಿದ್ದರೆ, ಪೈಪಿನಲ್ಲಿ ಗುಳುಗುಳು ಸದ್ದು ಬಂದರೆ, ಒಳಗೆ ನೀರು ನಿಂತಿದೆ ಎಂದರ್ಥ. ಪೈಪಿನ ತಗ್ಗಿನ ಜಾಗದಲ್ಲಿರುವ ನಲ್ಲಿ ತಿರುಗಿಸಿ ನೀರು ಬಿಡಿ. ಗ್ಯಾಸ್ ಎಲ್ಲಿ ಸೋರುತ್ತಿದೆ ಎಂದು ನೋಡಲು ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ, ಬೆಂಕಿಕಡ್ಡಿ ಗೀರಲೇಬೇಡಿ. ಗುಂಡಿಯೊಳಗೆ ಮಾತ್ರ ಯಾರೂ ಇಳಿಯಬಾರದು. ಅಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ, ವಿಷದ ಅನಿಲ ಇರುತ್ತದೆ. ಒಳಗೆ ಗಟ್ಟಿ ಕಟ್ಟಿದ್ದರೆ ಈ ಕೆಲಸ ಗೊತ್ತಿರುವವರನ್ನೇ ಕರೆಸಿ.