ಹಳ್ಳಿ ಪೋಸ್ಟಿಂಗ್ ಎಂದರೆ ರಜೆಯೇ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮದು ಜಿಲ್ಲಾ ಕೇಂದ್ರದ ಹೊಸ ವೈದ್ಯಕೀಯ ಕಾಲೇಜು. ಎಂಬಿಬಿಎಸ್ ಓದು ಮುಗಿಸಿ ಕಡ್ಡಾಯ ತರಬೇತಿಯಲ್ಲಿರುವ ಹೌಸ್ ಸರ್ಜನ್‌ಗಳಿಗೆ 12 ವಾರದ ಸಮುದಾಯ ವೈದ್ಯಶಾಸ್ತ್ರ ಪೋಸ್ಟಿಂಗ್ (ಹಳ್ಳಿ ಆಸ್ಪತ್ರೆಗಳಲ್ಲಿನ ತರಬೇತಿ) ಎಂದರೆ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ನೀಟ್ ಪಿಜಿಗೆ ಓದಿಕೊಳ್ಳಲು ಸಿಕ್ಕ ರಜೆ. ಹತ್ತಕ್ಕೆ ಬಂದು ಸಹಿ ಹಾಕುತ್ತಾರೆ, ಒಂದಕ್ಕೆ ಬಸ್ಸು ಹತ್ತುತ್ತಾರೆ. ಆಸಕ್ತಿ ಹುಟ್ಟಿಸುವುದು ಹೇಗೆ? (ಸಹಾಯಕ ಪ್ರಾಧ್ಯಾಪಕಿ, ಕಲ್ಯಾಣ ಕರ್ನಾಟಕ)

ಉತ್ತರ: ಆಸಕ್ತಿಯ ಮಾತು ಆಮೇಲೆ, ಮೊದಲು ನಿಮ್ಮ ವೇಳಾಪಟ್ಟಿ ತೆಗೆಯಿರಿ. 12 ವಾರವನ್ನು ಎರಡೆರಡು ವಾರಕ್ಕೆ ಹರಿದು ಹಂಚಿದ್ದೀರಾ? ಒಂದೊಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಆರು ಮಂದಿಯನ್ನು ಕಳಿಸುತ್ತೀರಾ? ಅಲ್ಲಿರುವುದು ಒಬ್ಬರು ವೈದ್ಯಾಧಿಕಾರಿ, ಒಂದು ಮೇಜು. ಉಳಿದವರು ಗೋಡೆಗೊರಗಿ ಮೊಬೈಲ್ ನೋಡದೆ ಇನ್ನೇನು ಮಾಡಿಯಾರು? ಮಧ್ಯಾಹ್ನದ ಬಸ್ಸಿಗೆ ಅವರನ್ನು ಹತ್ತಿಸುವುದು ಕೆಲಸವಿಲ್ಲದ ಆ ಬೆಳಗು.

ಒಂದು ಪಿಎಚ್‌ಸಿಗೆ ಇಬ್ಬರು, ಹೆಚ್ಚೆಂದರೆ ಮೂವರು ಸಾಕು. 12ರಲ್ಲಿ ಎಂಟು ವಾರ ಒಂದೇ ಕಡೆ, ಬಿಡುವಿಲ್ಲದೆ ಇರಲಿ. ಎಂಟೇ ಏಕೆಂದರೆ, ಆರನೇ ವಾರಕ್ಕೆ ಐದು ರೋಗ ತಡೆಯುವ ಪೆಂಟಾವೇಲೆಂಟ್ ಲಸಿಕೆಯ ಮೊದಲ ಡೋಸ್ ಹಾಕಿಸಿಕೊಂಡ ಕೂಸು ಹತ್ತನೇ ವಾರಕ್ಕೆ ಎರಡನೆಯದಕ್ಕೂ ಹದಿನಾಲ್ಕನೇ ವಾರಕ್ಕೆ ಮೂರನೆಯದಕ್ಕೂ ಅದೇ ಕೇಂದ್ರಕ್ಕೆ ಬರುತ್ತದೆ. ಕ್ಷಯದ ಚಿಕಿತ್ಸೆಯಲ್ಲಿ ನಾಲ್ಕು ಔಷಧಿಗಳ ಮೊದಲ ಹಂತವೂ ಎಂಟು ವಾರದ್ದೇ. ರಕ್ತ ಕಡಿಮೆಯಿರುವ ಬಸುರಿಗೆ ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ತಿಂಗಳ ಮೇಲೆ ಹಿಮೋಗ್ಲೋಬಿನ್ ಮತ್ತೆ ನೋಡಬೇಕು. ಎರಡು ವಾರಕ್ಕೆ ಗಂಟುಮೂಟೆ ಕಟ್ಟುವವರಿಗೆ ಇದ್ಯಾವುದರ ಕೊನೆಯೂ ಕಾಣದು. ತಾನು ಕೊಟ್ಟ ಮಾತ್ರೆ ಕೆಲಸ ಮಾಡಿತೋ ಇಲ್ಲವೋ ತಿಳಿಯದವರಿಗೆ ಈ ಕೆಲಸದ ರುಚಿ ಹತ್ತುವುದೆಲ್ಲಿಂದ?

ಕೆಲಸವನ್ನು ಹೆಸರಿಟ್ಟು ಒಪ್ಪಿಸಿ. ಗುರುವಾರ ಲಸಿಕೆಯ ದಿನ. ಅಂದು ಹೌಸ್ ಸರ್ಜನ್ ಸೂಜಿ ಹಿಡಿಯುವ ಮೊದಲು ಸಿಸ್ಟರ್ ಜೊತೆ ಕೂತು ಲಸಿಕೆ ಪೆಟ್ಟಿಗೆ ತುಂಬಬೇಕು. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ಹಾಗೇ ಒಳಗಿಟ್ಟರೆ ಪೆಂಟಾವೇಲೆಂಟ್, ಟಿಡಿ (ಧನುರ್ವಾಯು, ಗಂಟಲಮಾರಿ), ಹೆಪಟೈಟಿಸ್-ಬಿ ಲಸಿಕೆಗಳು ಹೆಪ್ಪುಗಟ್ಟಿ ಕೆಡುತ್ತವೆ. ಪ್ಯಾಕನ್ನು ಸ್ವಲ್ಪ ಹೊತ್ತು ಹೊರಗೆ ಬಿಡಬೇಕು. ಮೈ ಬೆವರಿ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಮಂಜುಗಡ್ಡೆ ನೀರಿನಲ್ಲಿ ಗಳಗಳ ಅನ್ನಬೇಕು. ಆಮೇಲೆ ನಾಲ್ಕೂ ಬದಿಗೆ ನಾಲ್ಕು ಪ್ಯಾಕ್ ನಿಲ್ಲಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸೀಸೆಗಳನ್ನು ನಡುವೆ ಇಳಿಸಬೇಕು. ದ್ರಾವಕ ಬೆರೆಸಿದ ಬಿಸಿಜಿ (ಕ್ಷಯದ ಲಸಿಕೆ), ಎಂಆರ್ (ದಡಾರ, ರುಬೆಲ್ಲಾ ಲಸಿಕೆ) ಸೀಸೆಗಳ ಮೇಲೆ ಬೆರೆಸಿದ ವೇಳೆ ಬರೆದು, ನಾಲ್ಕು ತಾಸು ಕಳೆದ ಮೇಲೆ ಮುಟ್ಟಬಾರದು. ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವರು ಬೇಕಾದಷ್ಟಿದ್ದಾರೆ, ಪ್ಯಾಕನ್ನು ಕಿವಿಗೆ ಹಿಡಿದವರು ಕಡಿಮೆ. ಹಾಗೆಯೇ ಪ್ರತಿ ತಿಂಗಳ 9ರ ಗರ್ಭಿಣಿಯರ ತಪಾಸಣೆಯಲ್ಲಿ ತಾಯಿ ಕಾರ್ಡ್ ತುಂಬುವ ಹೊಣೆ ಪೂರ್ತಿ ಅವರದೇ ಆಗಲಿ.

ಇನ್ನು ರಾತ್ರಿ. ಹಾವು ಕಡಿದವರು ಓಪಿಡಿ ವೇಳೆ ನೋಡಿಕೊಂಡು ಬರುವುದಿಲ್ಲ. ಅಲ್ಲಿ ಬೇಕಾಗುವ ಪರೀಕ್ಷೆಗೆ ಯಂತ್ರವೇನೂ ಬೇಡ. ಹೊಸ, ಒಣ ಗಾಜಿನ ನಳಿಕೆಗೆ ಆಗತಾನೆ ತೆಗೆದ 2 ಮಿ.ಲೀ. ರಕ್ತ ಹಾಕಿ, 20 ನಿಮಿಷ ಅಲ್ಲಾಡಿಸದೆ ಬಿಟ್ಟು, ಒಮ್ಮೆ ವಾಲಿಸಿ ನೋಡಬೇಕು. ಹೆಪ್ಪಾಗದೆ ಹರಿದರೆ ಕೊಳಕುಮಂಡಲದಂಥ, ರಕ್ತ ಕೆಡಿಸುವ ವಿಷ ಏರಿದೆ ಎಂದು ಲೆಕ್ಕ. ಪ್ಲಾಸ್ಟಿಕ್ ನಳಿಕೆಯಲ್ಲೋ ಸೋಪು ಹಾಕಿ ತೊಳೆದ ಗಾಜಿನಲ್ಲೋ ಮಾಡಿದರೆ ವಿಷವೇರದವರ ರಕ್ತವೂ ಹೆಪ್ಪಾಗದೆ ಉಳಿಯಬಹುದು, ಬೇಡದವರಿಗೆ ಪ್ರತಿವಿಷ ಹೋಗುತ್ತದೆ. ಪ್ರತಿವಿಷ ಏರಿಸುವಾಗ, ಅದು ಮೈಗೆ ಒಗ್ಗದೆ ತೀವ್ರ ಅಲರ್ಜಿಯಾದರೆ ಕೊಡಲು, ಅಡ್ರಿನಲಿನ್ ತುಂಬಿದ ಸಿರಿಂಜ್ ಕೈಗೆಟುಕುವಲ್ಲಿರಬೇಕು. ಇದನ್ನು ವೈದ್ಯಾಧಿಕಾರಿಯ ಪಕ್ಕ ನಿಂತೇ ಕಲಿಯಬೇಕು. ಒಬ್ಬರೇ ಹೌಸ್ ಸರ್ಜನ್ನರ ಮೇಲೆ ರಾತ್ರಿ ಡ್ಯೂಟಿ ಹೊರಿಸಿ ಮನೆಗೆ ಹೋಗುವ ಪದ್ಧತಿಯಿದ್ದರೆ ಅದು ತರಬೇತಿಯಲ್ಲ.

ರಾತ್ರಿ ಉಳಿಯಬೇಕಾದರೆ ಕೋಣೆ ಬೇಕಲ್ಲ. ಒಳಗಿನಿಂದ ಭದ್ರವಾಗಿ ಬೀಳುವ ಚಿಲಕ, ನೀರಿರುವ ಶೌಚಾಲಯ, ಊಟದ ಏರ್ಪಾಟು, ಇಂಟರ್ನೆಟ್. ಈ ನಾಲ್ಕರಲ್ಲಿ ಒಂದಿಲ್ಲದಿದ್ದರೂ, ಅದರಲ್ಲೂ ಹೆಣ್ಣುಮಕ್ಕಳ ಮನೆಯವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ನೀಟ್ ಪಿಜಿ ಓದಿನ ಜೊತೆ ಜಗಳಕ್ಕೆ ನಿಲ್ಲಬೇಡಿ. ಸಂಜೆ ಎರಡು ತಾಸು ಓದಿಗೆ ಬಿಟ್ಟುಕೊಟ್ಟರೆ ಹಗಲು ನಿಮ್ಮದಾಗುತ್ತದೆ.

ಕಲಿಸುವ ಹೊರೆಯನ್ನು ಪೂರ್ತಿ ಪಿಎಚ್‌ಸಿ ವೈದ್ಯರ ತಲೆಗೆ ಕಟ್ಟಿದರೂ ಕೆಡುತ್ತದೆ. ವಾರಕ್ಕೊಂದು ಗೊತ್ತುಮಾಡಿದ ದಿನ ವಿಭಾಗದವರೊಬ್ಬರು ಅಲ್ಲಿಗೇ ಹೋಗಿ, ಹೌಸ್ ಸರ್ಜನ್ನರು ನೋಡಿದ ಮೂರು ಕೇಸುಗಳನ್ನು ಅವರ ಬಾಯಿಂದಲೇ ಕೇಳಬೇಕು. ಕೊನೆಯ ವಾರ ಲಾಗ್‌ಬುಕ್ಕಿನ ಸಹಿ ಎಣಿಸುವ ಬದಲು ಪೆಟ್ಟಿಗೆ ತುಂಬುವುದನ್ನೂ ತಾಯಿ ಕಾರ್ಡ್ ಬರೆಯುವುದನ್ನೂ ಕಣ್ಣೆದುರು ಮಾಡಿಸಿ ನೋಡಿ.

ಪ್ರಶ್ನೆ: ‘ಕುಟುಂಬ ದತ್ತು’ ಎಂದು ವೈದ್ಯಕೀಯ ವಿದ್ಯಾರ್ಥಿಗಳು ನಮ್ಮೂರಿಗೆ ಬರುತ್ತಾರೆ. ಬಿಪಿ, ಶುಗರ್ ನೋಡಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ನಮಗೇನು ಸಿಕ್ಕಿತು? (ಗ್ರಾಮ ಪಂಚಾಯಿತಿ ಸದಸ್ಯ)

ಉತ್ತರ: ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. 2022ರಲ್ಲಿ ಎಂಬಿಬಿಎಸ್ ಪಠ್ಯಕ್ರಮಕ್ಕೆ ಸೇರಿದ ಈ ಯೋಜನೆಯಲ್ಲಿ ವಿದ್ಯಾರ್ಥಿಯೊಬ್ಬರು ಕೆಲವು ಮನೆಗಳ ಜೊತೆ ವರ್ಷಾನುಗಟ್ಟಲೆ ಸಂಪರ್ಕ ಇಟ್ಟುಕೊಳ್ಳಬೇಕು. ಮೂರು ವಿಷಯ ಪಟ್ಟುಹಿಡಿದು ಕೇಳಿ. ಪ್ರತಿ ಸಲವೂ ಅದೇ ವಿದ್ಯಾರ್ಥಿ ಅದೇ ಮನೆಗೆ ಬರಬೇಕು. ಕೂಲಿಗೆ ಹೋದವರು ಹಿಂತಿರುಗುವ ಹೊತ್ತಿಗೆ, ಇಲ್ಲವೇ ಭಾನುವಾರ ಬರಬೇಕು. ಕಟಾವಿನ ಕಾಲದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಬಂದರೆ ಅಜ್ಜ, ಅಜ್ಜಿ, ನಾಯಿ ಬಿಟ್ಟರೆ ಮನೆಯಲ್ಲಿ ಇನ್ಯಾರಿರುತ್ತಾರೆ? ಮೂರನೆಯದು ಮುಖ್ಯ: ಬಿಪಿ 160/100 ಕಂಡವರ ಹೆಸರು ಅಂದೇ ಆಶಾ ಕಾರ್ಯಕರ್ತೆಯ ಕೈ ಸೇರಬೇಕು, ಬೇರೆ ದಿನ ಮತ್ತೆ ಅಳೆಯಬೇಕು, ಖಚಿತವಾದರೆ ಉಪಕೇಂದ್ರದ ಪಟ್ಟಿಗೆ ಏರಿ ಮಾತ್ರೆ ಶುರುವಾಗಬೇಕು. ಅಳೆಯುವ ಮೊದಲು ಐದು ನಿಮಿಷ ಕೂರಿಸಿದರೋ ಇಲ್ಲವೋ ನೀವೇ ನೋಡಿ. ಹೊಲದಿಂದ ನಡೆದು ಬಂದವರ ತೋಳಿಗೆ ನೇರ ಪಟ್ಟಿ ಸುತ್ತಿದರೆ ಬಿಪಿ ಹೆಚ್ಚೇ ಬರುತ್ತದೆ. ಪಂಚಾಯಿತಿಯಿಂದ ಒಂದು ಕೋಣೆ, ಕುಡಿಯುವ ನೀರು ಕೊಟ್ಟರೆ ಈ ಮಾತುಗಳನ್ನು ಗಟ್ಟಿಯಾಗಿ ಕೇಳುವ ಹಕ್ಕೂ ನಿಮಗಿರುತ್ತದೆ.

ಪ್ರಶ್ನೆ: ಕಡ್ಡಾಯ ಸೇವೆಯ ಕಾಯ್ದೆ ಇರುವಾಗ ಇಷ್ಟೆಲ್ಲ ಏಕೆ? (ನಿವೃತ್ತ ಶಿಕ್ಷಕ)

ಉತ್ತರ: ಕರ್ನಾಟಕದ 2012ರ ಕಾಯ್ದೆ ಓದು ಮುಗಿಸಿದವರ ಸೇವೆಯ ಮಾತಾಡುತ್ತದೆ, ಓದುವಾಗ ಏನು ಕಲಿತರೆಂದು ಕೇಳುವುದಿಲ್ಲ. ಜಪಾನಿನಲ್ಲಿ 1972ರಲ್ಲಿ ಶುರುವಾದ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯ ಪ್ರತಿ ಪ್ರಾಂತ್ಯದಿಂದ ಎರಡು-ಮೂರು ಮಕ್ಕಳನ್ನು ಆರಿಸುತ್ತದೆ. ಒಂಬತ್ತು ವರ್ಷ ತಮ್ಮ ಪ್ರಾಂತ್ಯದಲ್ಲೇ ದುಡಿದರೆ ಶುಲ್ಕದ ಸಾಲ ಮನ್ನಾ. ಯಾರನ್ನು ಆರಿಸಬೇಕು, ಎಲ್ಲಿ ದುಡಿಸಬೇಕು ಎಂಬುದನ್ನು ಅಲ್ಲಿ ಒಟ್ಟಿಗೇ ಯೋಚಿಸಿದ್ದಾರೆ. ನಮ್ಮಲ್ಲೂ ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ 15 ಮೀಸಲಾತಿ ಇದೆ. ಆದರೆ ಹಾಗೆ ಸೀಟು ಪಡೆದ ಹುಡುಗಿಯ ಕಲಿಕೆಯ ಬಹುಪಾಲು ನಗರದ ದೊಡ್ಡಾಸ್ಪತ್ರೆಯ ವಾರ್ಡಿನಲ್ಲೇ ಕಳೆಯುತ್ತದೆ. ಅವಳ ಹೌಸ್ ಸರ್ಜನ್ಸಿಯ ಎಂಟು ವಾರವನ್ನಾದರೂ ಅವಳದೇ ತಾಲ್ಲೂಕಿನ ಪಿಎಚ್‌ಸಿಗೆ ಹಾಕಿಕೊಡಲು ಕಾಲೇಜಿಗೆ ಕಷ್ಟವೇನೂ ಆಗಬೇಕಿಲ್ಲ.