ಮಾಸ್ತರರ ಚಿತ್ರ, ಅಕ್ಕಾವ್ರ ಕೈ

ಪ್ರಶ್ನೆ: ನಾನು ಗಂಗಾವತಿಯಲ್ಲಿ ಡ್ರಾಯಿಂಗ್ ಟೀಚರ್. ನನಗೆ ಕುಂಚ ಹಿಡಿಯಲು ಕಲಿಸಿದ ಕೊಪ್ಪಳದ ಮಾಸ್ತರರು ಹೋದ ವರ್ಷ ತೀರಿಕೊಂಡರು. ದೊಡ್ಡ ಹೆಸರು ಅವರದ್ದು. ಆದರೆ ಹೆಂಡತಿಗೆ ಹೊಡೆಯುತ್ತಿದ್ದರು. ಚಹಾ ಕೊಡುವಾಗ ಅಕ್ಕಾವ್ರ ಕೈಮೇಲೆ ಬಾಸುಂಡೆ ನೋಡಿದ್ದೇನೆ. ಈಗ ವರ್ಷದ ನೆನಪಿಗೆ ಚಿತ್ರ ಪ್ರದರ್ಶನ ಇಟ್ಟಿದ್ದಾರೆ, ನನ್ನನ್ನೇ ಮಾತಾಡಲು ಕರೆದಿದ್ದಾರೆ. ಏನು ಮಾಡಲಿ?

ಉತ್ತರ: ಟೀಚರ್, ಚಿತ್ರಗಳನ್ನು ಗೋಡೆಯಿಂದ ಇಳಿಸಬೇಕಿಲ್ಲ. ನೀವು ಕಲಿತ ಬಣ್ಣ ಸುಳ್ಳಾಗುವುದಿಲ್ಲ. ಆದರೆ ಚಿತ್ರ ಚೆನ್ನಾಗಿದೆ ಅನ್ನೋದು ಬೇರೆ, ಮನುಷ್ಯ ದೇವರಂಥವನು ಅನ್ನೋದು ಬೇರೆ. ಪುಣ್ಯಸ್ಮರಣೆಯ ವೇದಿಕೆಯಲ್ಲಿ ನಾವು ಎರಡನ್ನೂ ಒಂದೇ ಹಾರದಲ್ಲಿ ಕಟ್ಟಿಬಿಡುತ್ತೇವೆ, ಮುಂದಿನ ಸಾಲಿನಲ್ಲಿ ಕೂತ ಹೆಂಡತಿ ಅದನ್ನೆಲ್ಲ ಕೇಳಿಸಿಕೊಳ್ಳಬೇಕು.

ಮಕ್ಕಳಿಗೆ ಚಿತ್ರಗಾರ ಪಿಕಾಸೊನ ಗೆರ್ನಿಕಾ ಚಿತ್ರ ತೋರಿಸಿರುತ್ತೀರಿ ಅಲ್ವಾ? 1937ರಲ್ಲಿ ಸ್ಪೇನಿನ ಒಂದು ಊರಿನ ಮೇಲೆ ಬಾಂಬು ಬಿದ್ದಾಗ ಬರೆದದ್ದು. ಸತ್ತ ಕೂಸನ್ನು ಹಿಡಿದು ಬಾಯಿ ತೆರೆದು ಅಳುವ ತಾಯಿ ಅದರಲ್ಲಿದ್ದಾಳೆ. ಅಂಥ ನೋವನ್ನು ಕಂಡವನು ತನ್ನ ಜೊತೆ ಬಾಳಿದ ಹೆಂಗಸರನ್ನು ನೋಯಿಸಿದ. ಅವನೊಂದಿಗೆ ಸುಮಾರು ಹತ್ತು ವರ್ಷ ಇದ್ದು 1953ರಲ್ಲಿ ಮಕ್ಕಳನ್ನು ಕರೆದುಕೊಂಡು ಹೊರಟುಹೋದ ಫ್ರಾನ್ಸ್ವಾಸ್ ಜಿಲೋ, ಆಕೆಯೂ ಚಿತ್ರಗಾರ್ತಿಯೇ, 1964ರಲ್ಲಿ ಆ ಬದುಕಿನ ಕಥೆ ಬರೆದರು. ಪುಸ್ತಕ ತಡೆಯಲು ಅವನು ಕೋರ್ಟಿಗೆ ಹೋಗಿ ಸೋತ. ಆಮೇಲೆ ಆಕೆಗೆ ಹುಟ್ಟಿದ ತನ್ನ ಇಬ್ಬರು ಮಕ್ಕಳ ಮುಖವನ್ನೂ ನೋಡಲು ಒಪ್ಪಲಿಲ್ಲ. ಚಿತ್ರ ಇವತ್ತಿಗೂ ಮ್ಯಾಡ್ರಿಡ್‌ನಲ್ಲಿದೆ. ಆಕೆಯ ಮಾತೂ ಉಳಿದಿದೆ.

ನಿಮ್ಮ ಅಕ್ಕಾವ್ರು ಪುಸ್ತಕ ಬರೆದಿಲ್ಲ. ಅದಕ್ಕೇ ಭಾಷಣಕ್ಕೆ ಹ್ಞೂಂ ಅನ್ನೋ ಮೊದಲು ಕೊಪ್ಪಳದ ಬಸ್ಸು ಹತ್ತಿ, ಅವರ ಮನೆಗೆ ಹೋಗಿ. ಅವತ್ತು ಕೈ ನೋಡಿಯೂ ಸುಮ್ನೆ ಚಹಾ ಕುಡಿದು ಬಂದೆ, ತಪ್ಪಾಯ್ತು ಅಂತ ಹೇಳಿ. ಅವರು ಅಳಬಹುದು, ಬೈಯಬಹುದು, ಮಾತು ತಿರುಗಿಸಿ ಊಟ ಮಾಡಿ ಹೋಗು ಅನ್ನಬಹುದು. ಮನೆಯ ವಿಷಯ ವೇದಿಕೆಗೆ ಬರಬೇಕೋ ಬೇಡವೋ ಅವರೇ ಹೇಳಲಿ. ಬೇಡ ಅಂದರೆ ಮಾಸ್ತರರು ಗೆರೆ ಎಳೆಯಲು ಹೇಗೆ ಕಲಿಸಿದರು ಅನ್ನೋದಷ್ಟೇ ಹೇಳಿ ಇಳಿಯಿರಿ. ಆದರ್ಶ ಗೃಹಸ್ಥರು ಅನ್ನೋ ಮಾತು ಮಾತ್ರ ನಿಮ್ಮ ಬಾಯಲ್ಲಿ ಬರಬಾರದು. ಕರೆದವರಿಗೆ ಬೇಜಾರಾದರೆ ಆಗಲಿ.

ಅಕ್ಕಾವ್ರಿಗೆ ಅವತ್ತು ಬರಲು ಮನಸ್ಸಿಲ್ಲ ಅಂದರೆ, ಯಾರೂ ಒತ್ತಾಯ ಮಾಡಿ ಮುಂದಿನ ಸಾಲಿನಲ್ಲಿ ತಂದು ಕೂರಿಸದಂತೆ ನೀವೇ ನೋಡಿಕೊಳ್ಳಿ.