ನಿರಾಶ್ರಿತರಿಗೆ ತಜ್ಞ ಚಿಕಿತ್ಸೆ ಏಕೆ?

ಪ್ರಶ್ನೆ: ಆಶ್ರಯ ಕೋರಿ ಬಂದವರಿಗೆ ಸಾಮಾನ್ಯ ಆಸ್ಪತ್ರೆಗಳು ಸಾಲವೇ? ಪ್ರತ್ಯೇಕ ತಜ್ಞ ಸೇವೆ ಏಕೆ ಬೇಕು?

ಉತ್ತರ: ಜ್ವರಕ್ಕೆ, ಹೆರಿಗೆಗೆ, ಲಸಿಕೆಗೆ ಧಾರಾಳವಾಗಿ ಸಾಕು. ಆದರೆ ಚಿತ್ರಹಿಂಸೆ ಅನುಭವಿಸಿದವರಿಗೆ ಮುಚ್ಚಿದ ಕೋಣೆ, ವೈದ್ಯಕೀಯ ಉಪಕರಣಗಳು ಕೂಡ ಸೆರೆಮನೆಯನ್ನು ನೆನಪಿಸಬಹುದಾದ್ದರಿಂದ, ಪ್ರತಿ ಹಂತವನ್ನೂ ಮೊದಲೇ ವಿವರಿಸಿ ಒಪ್ಪಿಗೆ ಪಡೆಯುವ, ನಿದ್ರಾಹೀನತೆಯ ಹಿಂದಿರುವ ಮಾನಸಿಕ ಆಘಾತವನ್ನು ಗುರುತಿಸಬಲ್ಲ ತಜ್ಞರು ಬೇಕಾಗುತ್ತಾರೆ. ಇಂಥದೊಂದು ಪುನರ್ವಸತಿ ಕೇಂದ್ರ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 1982ರಲ್ಲೇ ಸ್ಥಾಪನೆಯಾಯಿತು. ಮಗನೋ ಮಗಳೋ ಮಾತು ಅನುವಾದಿಸುತ್ತಾ ಕುಳಿತಿದ್ದರೆ ತಾಯಿ ತನ್ನ ಮೇಲಾದ ಅತ್ಯಾಚಾರದ ಪ್ರಸ್ತಾಪವನ್ನೇ ಎತ್ತದಿರಬಹುದು. ಇದೊಂದೇ ಕಾರಣಕ್ಕೆ, ತರಬೇತಿ ಪಡೆದ ದುಭಾಷಿ ಔಷಧದಷ್ಟೇ ಮುಖ್ಯ ಎಂದು ನಾನು ಭಾವಿಸುತ್ತೇನೆ. ಅಲ್ಲದೆ, ಚಿತ್ರಹಿಂಸೆಯನ್ನು ತನಿಖೆ ಮಾಡಿ ದಾಖಲಿಸುವ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ 1999ರ ಇಸ್ತಾಂಬುಲ್ ಪ್ರೋಟೋಕಾಲ್‌ನ ಕ್ರಮದಲ್ಲಿ ಗಾಯಗಳನ್ನು ದಾಖಲಿಸಿದ ವೈದ್ಯಕೀಯ ವರದಿಯು ಆಶ್ರಯದ ಅರ್ಜಿಗೆ ಸಾಕ್ಷ್ಯವೂ ಆಗಬಲ್ಲದು.